ಖಾಲಿ ಹೊಟ್ಟೆಗೆ ಸೂಜಿ

"ಒಂದಗುಳು ತಿಂದಿಲ್ಲ ಮಗು. ಖಾಲಿ ಹೊಟ್ಟೆಗೆ ಸೂಜಿ ಚುಚ್ಚಿದ್ರೆ ಶುಗರ್ ಬಿದ್ದೋಗಲ್ವಾ?"

ಸೋಮವಾರ ರಾತ್ರಿ ಅಮ್ಮ ಆಡಿದ ಈ ಮಾತು ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ. ಅಮ್ಮನನ್ನು ದೂರುತ್ತಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ "ಹೌದು, ಇವತ್ತೊಂದಿನ ಬಿಡು" ಅಂದೆ.

ಅಕ್ಕನ ಮಗಳಿಗೆ ಒಂಬತ್ತನೇ ವಯಸ್ಸಿನಿಂದ ಟೈಪ್ 1 ಡಯಾಬಿಟಿಸ್. ದೇಹ ತಾನೇ ಇನ್ಸುಲಿನ್ ಮಾಡಿಕೊಳ್ಳದ ಕಾಯಿಲೆ, ದಿನವೂ ಇನ್ಸುಲಿನ್ ಸೂಜಿ ಬೇಕೇ ಬೇಕು. ಈಗ ಹದಿನಾರು. ರಜೆಗೆಂದು ಅರಸೀಕೆರೆ ಹತ್ತಿರದ ನಮ್ಮೂರಿಗೆ ಬಂದವಳಿಗೆ ಜ್ವರ, ವಾಂತಿ. ಮಂಗಳವಾರ ಬೆಳಿಗ್ಗೆ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಶುಗರ್ ಇದೆ ಅಂತ ನಾವು ಹೇಳಿದರೂ ಒಂದು ಹನಿ ರಕ್ತ ನೋಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲೂ ಅಷ್ಟೇ ಸಿಟ್ಟಿದೆ, ಮೀಟರ್ ಅವಳ ಬ್ಯಾಗಿನಲ್ಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಮಲಗಿದಲ್ಲೇ ಏದುಸಿರು. ದೂರದಿಂದ ಓಡಿ ಬಂದವರ ಹಾಗೆ, ಆದರೆ ಒಂದೊಂದು ಉಸಿರೂ ಹೊಟ್ಟೆಯ ತಳದಿಂದ. ಹತ್ತಿರ ಬಗ್ಗಿದರೆ ಅತಿಯಾಗಿ ಮಾಗಿದ ಹಣ್ಣಿನ ವಾಸನೆ. ಮೂಲೆಯಲ್ಲಿದ್ದ ಬಾಳೆಗೊನೆಯದು ಅಂದುಕೊಂಡೆ. ಹಾಸನಕ್ಕೆ ಹೊರಟ ಕಾರಿನಲ್ಲಿ ಬಾಳೆಗೊನೆ ಇರಲಿಲ್ಲ, ವಾಸನೆ ಇತ್ತು. ಆಗ ಬೆರಳು ಚುಚ್ಚಿ ನೋಡಿದೆ. ಅಂಕಿಯೇ ಬರಲಿಲ್ಲ. 600 ದಾಟಿದರೆ ಆ ಮೀಟರ್ 'ಹೈ' ಎಂದಷ್ಟೇ ತೋರಿಸುತ್ತದೆ.

ಐಸಿಯು ಹೊರಗೆ ಡ್ಯೂಟಿ ಡಾಕ್ಟರ್, ನನಗಿಂತ ಚಿಕ್ಕವರು, ನಿಂತು ಬಿಡಿಸಿ ಹೇಳಿದರು. ಊಟ ಬಿಟ್ಟರೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ, ಜ್ವರ ಬಂದರೆ ಇನ್ನೂ ಜಾಸ್ತಿ. ಇನ್ಸುಲಿನ್ ಇಲ್ಲದೆ ಅದನ್ನು ಬಳಸಲಾಗದ ದೇಹ ಕೊಬ್ಬನ್ನು ಕರಗಿಸುತ್ತದೆ. ಅದರಿಂದ ಕೀಟೋನ್ ಅನ್ನುವ ಪದಾರ್ಥ ತುಂಬಿಕೊಂಡು ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ, ಉಸಿರಿನ ಹಣ್ಣಿನ ವಾಸನೆ ಅದರದೇ. "ಡಿಕೆಎ, ಡಯಾಬಿಟಿಕ್ ಕೀಟೋಅಸಿಡೋಸಿಸ್ ಅಂತೀವಿ. ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ಬಿಡಬಾರದು ಮೇಡಂ, ಡೋಸ್ ಎಷ್ಟು ಅಂತ ಫೋನ್ ಮಾಡಿ ಕೇಳಬೇಕಿತ್ತು."

ಆ ರಾತ್ರಿ ಬೆಂಚಿನ ಮೇಲೆ ಕೂತವಳಿಗೆ ಅಮ್ಮನ ಮಾತೇ ಮತ್ತೆ ಮತ್ತೆ. ಖಾಲಿ ಹೊಟ್ಟೆಗೆ ಸೂಜಿ ಚುಚ್ಚಿದ್ರೆ. ಒಳಗೆ ಸಲೈನ್, ಇನ್ಸುಲಿನ್ ಡ್ರಿಪ್, ಗಂಟೆಗೊಮ್ಮೆ ಬೆರಳಿಗೆ ಚುಚ್ಚು. ಪೊಟ್ಯಾಸಿಯಂ ಇಳಿದರೆ ಹೃದಯಕ್ಕೆ ಅಪಾಯ ಅಂತ ಪದೇ ಪದೇ ರಕ್ತ ತೆಗೆಯುತ್ತಿದ್ದರು. ಏಳು ವರ್ಷದಿಂದ ಅವಳ ತಟ್ಟೆಯ ಮೇಲೆ ನಮ್ಮೆಲ್ಲರ ಕಣ್ಣು. ಮದುವೆಮನೆಯಲ್ಲಿ ಹೋಳಿಗೆ ಮುಟ್ಟಿದರೆ ಹತ್ತು ಜನ ಗದರುತ್ತಾರೆ. ಹೆಣ್ಣುಮಗು, ಸೂಜಿ ವಿಷಯ ಯಾರಿಗೂ ಹೇಳಬೇಡಿ ಅನ್ನುವ ಅತ್ತೆಯೂ ಅದರಲ್ಲೊಬ್ಬರು. ಸೂಜಿ ಇರುವುದು ತಿಂದ ಅನ್ನಕ್ಕೆ ಅಂತಲೇ ನಾವೆಲ್ಲ ತಿಳಿದಿದ್ದೆವು. ಇನ್ಸುಲಿನ್ ಸಿಗುವ ಮೊದಲು ಡಾಕ್ಟರುಗಳೇ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಕ್ಕರೆ ಇಳಿಸುತ್ತಿದ್ದರು. ಮಕ್ಕಳು ಒಂದಷ್ಟು ದಿನ ಹೆಚ್ಚು ಬದುಕಿ, ಎಲುಬು ಹಂದರವಾಗಿ ಹೋಗುತ್ತಿದ್ದರು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ, ತೂಕ ಸುಮಾರು 29 ಕೆಜಿ. ಆ ಹುಡುಗನದೂ ಖಾಲಿ ಹೊಟ್ಟೆಯೇ.

ಗುರುವಾರ ಅವಳು ಗಂಜಿ ಕುಡಿದಳು. ಅಮ್ಮ ನನ್ನನ್ನು ವಾರ್ಡಿನ ಹೊರಗೆ ಕರೆದು, "ನಾನೇ ಬೇಡ ಅಂದಿದ್ದು ಅಂತ ಅವಳಿಗೆ ನೆನಪಿದೆಯೇನೇ?" ಅಂತ ಕೇಳಿದಳು. ನಾನೂ ಅಂದಿದ್ದೆ ಅಮ್ಮ, ಅಂದೆ.

ನಿನ್ನೆ ರಾತ್ರಿ ಮನೆಯಲ್ಲಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಅಮ್ಮ ಎದ್ದು ಹೋಗಿ ಗೂಡಿನಲ್ಲಿದ್ದ ಇನ್ಸುಲಿನ್ ಪೆನ್ ತಂದು ಅವಳ ಮುಂದೆ ಹಿಡಿದಳು. "ಎಷ್ಟು ಹಾಕ್ಬೇಕು, ಡಾಕ್ಟರಿಗೆ ಫೋನ್ ಹಚ್ಚು ಕಂದಾ." ಪೆನ್ ಹಿಡಿದ ಕೈ ನಡುಗುತ್ತಿತ್ತು.