ನೀರು ತುಂಬಿದವರಿಗೆ ಗೊತ್ತಿತ್ತು

ಈ ಸಲ ಬೆಂಗಳೂರಿನ ಶಿವಾಜಿನಗರದಲ್ಲಿ ಯೇಸುವಿನ ತಾಯಿ ಮರಿಯಮ್ಮನ ಹಬ್ಬದಲ್ಲಿ ನಾನು ಏನನ್ನೂ ಬೇಡಲಿಲ್ಲ. ಬೇಡೋಕೆ ಏನೂ ಇರಲಿಲ್ಲ ಅಂತಲ್ಲ. ಅಮ್ಮನ ಮುಂದೆ ನಿಂತಾಗ ಬಾಯಿಗೆ ಬಂದದ್ದು ಒಂದೇ ಮಾತು, "ನೀವು ಹೇಳಿದಂತೆ ನನಗಾಗಲಿ." ನೀನು ಯೇಸುವಿಗೆ ತಾಯಿಯಾಗುವೆ ಅಂತ ಹೇಳಲು ಬಂದ ದೇವದೂತ ಗಬ್ರಿಯೇಲನಿಗೆ ಆಕೆಯೇ ಕೊಟ್ಟ ಉತ್ತರ ಅದು. ಆದರೆ ನನಗೆ ಅದು ಯಾವಾಗಲೂ ನಮ್ಮ ಅಜ್ಜಿಯ ದನಿಯಲ್ಲೇ ಕೇಳಿಸುತ್ತದೆ.

ಅಜ್ಜಿ ಮೂರು ಹೊತ್ತೂ ತ್ರಿಕಾಲ ಪ್ರಾರ್ಥನೆ ತಪ್ಪಿಸುತ್ತಿರಲಿಲ್ಲ, ಮರಿಯಮ್ಮನ ಆ ಉತ್ತರವೇ ಬರುವ ಪ್ರಾರ್ಥನೆ ಅದು. ಗುಡಿಯ ಗಂಟೆ ಹೊಡೆದರೆ ಸಾಕು, ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತಿತ್ತು. ರೊಟ್ಟಿಗೆ ಹಿಟ್ಟು ಕಲಸುತ್ತಿದ್ದರೆ ಅದೇ ಕೈಯಲ್ಲಿ ಶಿಲುಬೆ ಗುರುತು. ಹಣೆಯ ಮೇಲೆ ರಾಗಿ ಹಿಟ್ಟಿನ ಚುಕ್ಕೆ, ಸೀರೆಯ ಎದೆಯ ಮೇಲೊಂದು, ಎರಡು ಭುಜದ ಮೇಲೂ ಒಂದೊಂದು. "ಇಗೋ, ನಾನು ದೇವರ ದಾಸಿ" ಅನ್ನುವಾಗ ಆ ದನಿಯಲ್ಲಿ ಹೆದರಿಕೆಯೂ ಇರಲಿಲ್ಲ, ಕೊರಗೂ ಇರಲಿಲ್ಲ. ಪಕ್ಕದ ಮನೆಯವರು ಕೂಗಿದರೆ "ಬಂದೆ" ಅನ್ನುತ್ತಾರಲ್ಲ, ಅಷ್ಟೇ ಸಲೀಸು. ನಿಜವಾಗಿ ಯಾರಾದರೂ ಕೂಗಿದರೂ ಹಾಗೇ ಹೋಗುತ್ತಿದ್ದರು. ಬಾಣಂತಿಗೆ ನೀರು ಹಾಕೋದು, ಸಾವಿನ ಮನೆಗೆ ಗಂಜಿ ಮಾಡಿ ಕೊಡೋದು, ಯಾವ ಮತ ಅಂತ ಕೇಳಿದ್ದೇ ಇಲ್ಲ. ಅಜ್ಜಿಗೆ ಪ್ರಾರ್ಥನೆ ಬೇರೆ, ಇದು ಬೇರೆ ಅಂತ ಇರಲೇ ಇಲ್ಲ.

ಮರಿಯಮ್ಮನೂ ಹಾಗೇ ಅಲ್ವಾ? ಒಪ್ಪಿಕೊಂಡ ಕೂಡಲೇ ಬೆಟ್ಟದ ಸೀಮೆಗೆ ಅವಸರವಾಗಿ ಹೊರಟಳು, ಮುಪ್ಪಿನಲ್ಲಿ ಬಸುರಾದ ಎಲಿಜಬೇತಳ ಮನೆಗೆ. ಸುಮಾರು ಮೂರು ತಿಂಗಳು ಅಲ್ಲೇ ಇದ್ದಳು. ದೇವರಿಗೆ ಹೂಂ ಅಂದದ್ದರಿಂದ ಆಕೆಯ ಬದುಕೇನೂ ಸುಲಭವಾಗಲಿಲ್ಲ. ಜೋಸೆಫನ ಅನುಮಾನ, ಗೋದಲಿಯ ಹೆರಿಗೆ, ರಾತ್ರೋರಾತ್ರಿ ಈಜಿಪ್ಟಿಗೆ ಓಟ, ಕೊನೆಗೆ ಶಿಲುಬೆಯ ಬುಡದಲ್ಲಿ ನಿಲ್ಲೋದು. ಇದ್ಯಾವುದನ್ನೂ ದೂತ ಮೊದಲೇ ಬಿಡಿಸಿ ಹೇಳಿರಲಿಲ್ಲ.

ಹಬ್ಬದ ದಿನ ಬಿಸಿಲು ಜೋರಾಗಿತ್ತು. ಸಾಲಿನಲ್ಲಿ ನಿಂತಿದ್ದಾಗ ಕಾವಿ ಸೀರೆಯ ಒಬ್ಬ ಹುಡುಗಿ ನೀರು ಕೊಡುತ್ತಿದ್ದಳು. ನಾನು ಬೊಗಸೆ ಒಡ್ಡಿದೆ. ತಣ್ಣನೆಯ ನೀರು ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿದು ಜಪಸರವನ್ನೂ ತೋಯಿಸಿತು. ಆ ತಂಪು ಮೈಯೆಲ್ಲಾ ಹರಡಿದಂತಾಯಿತು, ಕಣ್ಣು ತುಂಬಿ ಬಂತು, ಯಾಕೆ ಅಂತ ಆಗ ತಿಳಿಯಲಿಲ್ಲ. ಅವಳು ನನ್ನ ಮುಖ ಕೂಡ ನೋಡಲಿಲ್ಲ, ಮುಂದಿನವರಿಗೆ ಕೊಟ್ಟಳು, ಕೊಡ ಖಾಲಿಯಾಯಿತು, ತುಂಬಿಸಿಕೊಂಡು ಬರಲು ಹೋದಳು.

ಬಲಿಪೂಜೆಯ (ಮಾಸ್‌ನ) ಉದ್ದಕ್ಕೂ ನನಗೆ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆಯೇ ನೆನಪಾಗುತ್ತಿತ್ತು. ಆ ಕಥೆಯಲ್ಲಿ ನಾವೆಲ್ಲ ದ್ರಾಕ್ಷಾರಸದ ಬಗ್ಗೆ ಮಾತಾಡುತ್ತೇವೆ, ಆಳುಗಳ ಬಗ್ಗೆ ಯಾರೂ ಮಾತಾಡಲ್ಲ. ಮಗನನ್ನು ತೋರಿಸಿ "ಆತ ಹೇಳಿದಂತೆ ಮಾಡಿ" ಅಂತ ಆಳುಗಳಿಗೆ ಅಂದಳು ಅಮ್ಮ. ಅಲ್ಲಿ ಆರು ಕಲ್ಲಿನ ಬಾನೆಗಳು, ಒಂದೊಂದಕ್ಕೂ ಇವತ್ತಿನ ಲೆಕ್ಕದಲ್ಲಿ 100 ಲೀಟರಿನ ಆಸುಪಾಸು ಹಿಡಿಯುತ್ತಿತ್ತು. ನಲ್ಲಿ ಇಲ್ಲದ ಕಾಲ. ಕಡಿಮೆಯಾದದ್ದು ದ್ರಾಕ್ಷಾರಸ, ಹೊರಲು ಹೇಳಿದ್ದು ನೀರು. ಅವರು ಯಾಕೆ ಅಂತ ಕೇಳಲಿಲ್ಲ, ಅರ್ಧಕ್ಕೂ ಬಿಡಲಿಲ್ಲ, ಕಂಠದವರೆಗೆ ತುಂಬಿದರು. ಆ ರಸ ಎಲ್ಲಿಂದ ಬಂತೆಂದು ರುಚಿ ನೋಡಿದ ಮೇಲ್ವಿಚಾರಕನಿಗೆ ಗೊತ್ತಾಗಲಿಲ್ಲ, ನೀರು ತೋಡಿದ ಆಳುಗಳಿಗೆ ಮಾತ್ರ ಗೊತ್ತಿತ್ತು ಅಂತ ಯೊವಾನ್ನ ತಮ್ಮ ಶುಭಸಂದೇಶದಲ್ಲಿ, ಅಂದರೆ ಯೇಸುವಿನ ಬದುಕಿನ ಕಥೆಯಲ್ಲಿ, ಬರೆಯುತ್ತಾರೆ. ಅವರ ಹೆಸರೂ ಶುಭಸಂದೇಶದಲ್ಲಿಲ್ಲ. ಆದರೆ ಅದ್ಭುತ ಅವರ ಕೈಯ ಮೂಲಕವೇ ನಡೆಯಿತು!

ನಮ್ಮ ನಾಡಿನಲ್ಲೂ ಅಂಥವರು ಬಂದು ಹೋಗಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ದುಬೋಯಿ ಅವರು. ಜನ ಅವರನ್ನು ದೊಡ್ಡಸ್ವಾಮಿ ಅನ್ನುತ್ತಿದ್ದರು. ಇಲ್ಲಿನವರ ಹಾಗೇ ಉಟ್ಟು, ಇಲ್ಲಿನವರ ಹಾಗೇ ಉಂಡರು. ಸಿಡುಬು ಊರೂರನ್ನೇ ನುಂಗುತ್ತಿದ್ದ ಕಾಲದಲ್ಲಿ, ಲಸಿಕೆ ಅಂದರೆ ಜನ ಹೆದರುತ್ತಿದ್ದಾಗ, ಅದನ್ನು ಹಾಕಿಸಲು ದುಡಿದವರು ಅವರು. ಬದುಕಿ ಉಳಿದ ಎಷ್ಟು ಮಕ್ಕಳ ಮೊಮ್ಮಕ್ಕಳು ಇವತ್ತು ನಮ್ಮ ನಡುವೆ ಇದ್ದಾರೋ ದೇವರಿಗೇ ಗೊತ್ತು.

ಒಂದು ಮಾತು ಹೇಳಲೇಬೇಕು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ತೇರು ಬಂದಾಗ ಎಲ್ಲರ ಕೈಯಲ್ಲೂ ಮೊಬೈಲ್. ಮೇಣದಬತ್ತಿ ಹಚ್ಚಿ, ಹರಕೆ ಒಪ್ಪಿಸಿ, ಅಮ್ಮ ನಮ್ಮ ಕೆಲಸ ಮಾಡಿಕೊಡಲಿ ಅಂತ ಕಾಯುತ್ತೇವೆ. ಬೇಡೋದು ತಪ್ಪಲ್ಲ. ಅಮ್ಮನ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಕೇಳೋದು? ಆದರೆ ದೇವರಿಗೂ ನಮ್ಮಿಂದ ಆಗಬೇಕಾದ ಕೆಲಸ ಇರುತ್ತದೆ, ಅದನ್ನು ಕೇಳಿಸಿಕೊಳ್ಳಲು ಒಂದು ಗಳಿಗೆ ಬಿಡುವು ಕೊಡುವವರು ಕಡಿಮೆಯಾಗಿದ್ದಾರೆ. ತ್ರಿಕಾಲ ಪ್ರಾರ್ಥನೆ ಪೂರ್ತಿ ಬರುವ ಮಕ್ಕಳು ಎಷ್ಟು ಮನೆಯಲ್ಲಿದ್ದಾರೆ? ಹಬ್ಬ ಮುಗಿದ ಮೇಲೆ ಅಂಗಳ ಗುಡಿಸುವುದು ಮಾತ್ರ ಪ್ರತಿ ವರ್ಷ ಅದೇ ನರೆತ ತಲೆಗಳು.

ಮುಂದಿನ ಆಗಸ್ಟ್ 29ಕ್ಕೆ ಧ್ವಜ ಏರಿ ನೊವೇನಾ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ಶುರುವಾಗುತ್ತದೆ. ನೀರು ಕೊಡುವವರ ಜೊತೆ ನಾನೂ ನಿಲ್ಲುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೇನೆ. ಮಗಳೂ ಬರುತ್ತೇನೆ ಅಂದಿದ್ದಾಳೆ. ನಿಮ್ಮ ಮನೆಯಿಂದಲೂ ಒಬ್ಬರು ಬನ್ನಿ.