ಇಷ್ಟೆಲ್ಲ ಕೇಳಿ ನಿಮಗೇನೂ ಆಗಲ್ವಾ?

ನಿರಾಶ್ರಿತರ ಜೊತೆ ಕೆಲಸ ಮಾಡುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. "ದಿನವಿಡೀ ಅಷ್ಟೊಂದು ಕಷ್ಟದ ಮಾತು ಕೇಳ್ತೀರಲ್ಲ, ನಿಮಗೇನೂ ಆಗಲ್ವಾ?"

ಆಗುತ್ತದೆ. ಖಂಡಿತ ಆಗುತ್ತದೆ. ಗಟ್ಟಿ ಮನಸ್ಸಿನವರೇ ಈ ಕೆಲಸಕ್ಕೆ ಬರಬೇಕು ಅನ್ನುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ಯಾರ ಮನಸ್ಸು ಎಷ್ಟು ಗಟ್ಟಿ ಅನ್ನುವುದಕ್ಕಿಂತ ಯಾರ ಮೇಲೆ ಎಷ್ಟು ಕೆಲಸ ಹೊರಿಸಿದ್ದಾರೆ ಅನ್ನುವುದನ್ನು ಮೊದಲು ನೋಡಬೇಕು.

ನಮ್ಮ ಜೊತೆಗಿರುವ ಒಬ್ಬ ದುಭಾಷಿಯ ವಿಷಯ ಹೇಳುತ್ತೇನೆ. ಅವರ ಕೆಲಸದಲ್ಲಿ ಒಂದು ನಿಯಮ ಇದೆ, ಎದುರಿಗೆ ಕೂತವರು "ನಾನು" ಅಂದರೆ ಇವರೂ "ನಾನು" ಅಂತಲೇ ಹೇಳಬೇಕು. "ಅವರ ಮಗ ದೋಣಿಯಿಂದ ಬಿದ್ದನಂತೆ" ಅನ್ನುವ ಹಾಗಿಲ್ಲ. "ನನ್ನ ಮಗ ದೋಣಿಯಿಂದ ಬಿದ್ದ" ಅನ್ನಬೇಕು. ಒಂದು ದಿನ ಬೆಳಗ್ಗೆಯಿಂದ ಅಂಥ ನಾಲ್ಕು ಸಂದರ್ಶನ ಆಗಿದ್ದವು. ಕೊನೆಯದು ಮುಗಿದು ಎಲ್ಲರೂ ಎದ್ದು ಹೋದ ಮೇಲೂ ಆಕೆ ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ಅದರ ಮುಚ್ಚಳ ಹಿಡಿದುಕೊಂಡು, ಎರಡನ್ನೂ ಸೇರಿಸುವುದೇ ಮರೆತವರಂತೆ ಸುಮ್ನೆ ಕೂತಿದ್ದರು. ಆಕೆ ಸ್ವತಃ ಅದೇ ದಾರಿಯಲ್ಲಿ ತಪ್ಪಿಸಿಕೊಂಡು ಬಂದವರು. ಆಗ ನಮ್ಮಲ್ಲಿ ಕಾಯಂ ಸಿಬ್ಬಂದಿಗೆ ಕೌನ್ಸೆಲರ್ ಇದ್ದರು. ಗಂಟೆ ಲೆಕ್ಕದಲ್ಲಿ ಬರುವ ದುಭಾಷಿಗೆ ಆ ಸೌಲಭ್ಯ ಇರಲಿಲ್ಲ. ಇದು ದೊಡ್ಡ ತಪ್ಪು, ಮತ್ತು ತುಂಬ ಕಡೆ ನಡೆಯುವ ತಪ್ಪು.

ಬೇರೆಯವರ ನೋವು ಕೇಳಿ ಕೇಳಿ ಕೇಳುವವರ ಮನಸ್ಸೇ ಬದಲಾಗುತ್ತದೆ ಅಂತ 1990ರಲ್ಲೇ ಮೆಕ್ಯಾನ್ ಮತ್ತು ಪರ್ಲ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಬರೆದಿದ್ದರು. ಅದು ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಒಬ್ಬರಿಗೆ ನಿದ್ದೆ ಬರುವುದಿಲ್ಲ, ಇನ್ನೊಬ್ಬರು ಮನೆಯವರ ಮೇಲೆ ರೇಗುತ್ತಾರೆ. ನನಗೆ ಜಾಸ್ತಿ ಭಯ ಆಗುವುದು ಏನೂ ಅನ್ನಿಸದೇ ಹೋದಾಗ. ಎದುರಿಗೆ ಒಬ್ಬ ತಾಯಿ ಮಾತಾಡುತ್ತಿದ್ದರೆ "ಇವರದ್ದೂ ಅದೇ ಕಥೆ" ಅಂತ ಒಳಗೊಳಗೇ ಅನ್ನಿಸಿಬಿಟ್ಟರೆ, ಪೆಟ್ಟು ಬೀಳುವುದು ಆ ತಾಯಿಗೂ ಅಲ್ವಾ?

ಕಥೆಗಳಿಗಿಂತ ಭಾರವಾದದ್ದು ಇನ್ನೊಂದಿದೆ, "ಆಗಲ್ಲ" ಅನ್ನುವುದು. ಅರ್ಜಿ ತಿರಸ್ಕಾರ ಆಗಿದೆ, ಅಣ್ಣನನ್ನು ಕರೆಸಿಕೊಳ್ಳಲು ದಾರಿ ಇಲ್ಲ, ಇವತ್ತು ರಾತ್ರಿಗೆ ಹಾಸಿಗೆ ಖಾಲಿ ಇಲ್ಲ. ನಿಯಮ ಮಾಡಿದವರು ಎಲ್ಲೋ ಇರುತ್ತಾರೆ, ಮುಖ ನೋಡಿಕೊಂಡು ಹೇಳಬೇಕಾದವರು ಇಪ್ಪತ್ತೆರಡು ವರ್ಷದ ಸ್ವಯಂಸೇವಕರು.

ಇಂಥವರಿಗೆ "ಧ್ಯಾನ ಮಾಡಿ, ವಾಕಿಂಗ್ ಹೋಗಿ" ಅಂದರೆ ಸಾಲದು. ಧ್ಯಾನ ಒಳ್ಳೆಯದೇ, ಆದರೆ ಹನ್ನೆರಡು ಗಂಟೆಯ ಶಿಫ್ಟಿಗೆ ಅದು ಮದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲೂ ಬರ್ನ್‌ಔಟ್ ಅನ್ನು, ಅಂದರೆ ಕೆಲಸದಲ್ಲಿ ಪೂರ್ತಿ ಬಳಲಿ ಬತ್ತಿಹೋಗುವುದನ್ನು, ಕಾಯಿಲೆ ಅಂತ ಸೇರಿಸಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂತಲೇ ಹೇಳಿದೆ.

ಹಾಗಾಗಿ ಬದಲಾಗಬೇಕಾದದ್ದು ಕೆಲಸದ ಜಾಗ. ಹೊಸಬರನ್ನು ಒಂಟಿಯಾಗಿ ಕಳಿಸಬಾರದು. ರಜೆ ಕೇಳಿದವರಿಗೆ ಮಾತ್ರ ಅಲ್ಲ, ಕೇಳದವರಿಗೂ ಕೊಡಬೇಕು. ಕೌನ್ಸೆಲರ್ ಹತ್ತಿರ ಆಡಿದ ಮಾತು ಮೇಲಧಿಕಾರಿಯ ಕಿವಿಗೆ ಬೀಳಬಾರದು, ಬಿದ್ದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಇನ್ನೊಂದು ವಿಷಯ. ದೊಡ್ಡ ಆಘಾತ ಆದ ದಿನವೇ ಎಲ್ಲರನ್ನೂ ಸುತ್ತ ಕೂರಿಸಿ "ಏನಾಯ್ತು, ಹೇಳಿ, ಹಗುರಾಗ್ತೀರಿ" ಅಂತ ಒತ್ತಾಯ ಮಾಡುವ ಪದ್ಧತಿ ಇತ್ತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಬೇರೆ ನೆರವು ಸಂಸ್ಥೆಗಳೂ ಸೇರಿ 2007ರಲ್ಲಿ ತಂದ ಮಾರ್ಗಸೂಚಿ ಅದನ್ನು ಬೇಡ ಅಂದಿದೆ. ಪಕ್ಕದಲ್ಲಿರಿ, ಏನು ಬೇಕು ಕೇಳಿ, ಮಾತಾಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಒಂದರಿಂದ ಮೂರು ತಿಂಗಳಲ್ಲಿ ಮತ್ತೆ ವಿಚಾರಿಸಬೇಕು ಅಂತಲೂ ಅದರಲ್ಲಿದೆ. ಈ ಎರಡನೆಯದನ್ನೇ ಎಲ್ಲರೂ ಮರೆಯುವುದು. ಮೊದಲ ವಾರ ಎಲ್ಲರೂ ಬೆನ್ನು ತಟ್ಟುತ್ತಾರೆ, ಎರಡನೇ ತಿಂಗಳು ಆ ಮನುಷ್ಯ ಒಬ್ಬನೇ ಉಳಿಯುತ್ತಾನೆ.

ಆ ದುಭಾಷಿ ಈಗಲೂ ನಮ್ಮ ಜೊತೆ ಇದ್ದಾರೆ. ದಿನಕ್ಕೆ ಎರಡೇ ಸಂದರ್ಶನ, ನಡುವೆ ಅರ್ಧ ಗಂಟೆ ಬಿಡುವು. ಮೂರನೆಯದು ಬಂದರೆ ಆಗಲ್ಲ ಅನ್ನುತ್ತಾರೆ. ಯಾಕೆ ಅಂತ ನಾವು ಕೇಳುವುದಿಲ್ಲ.