ತಿಪ್ಪೆಯಿಂದ ಹೊಲಕ್ಕೆ ಬಂದ ಮಡಕೆ ಚೂರು

ಉತ್ತ ಹೊಲದಲ್ಲಿ ಹಳೇ ಮಡಕೆ ಚೂರು ಸಿಕ್ಕರೆ ಸಾಕು, ಇಲ್ಲೊಂದು ಊರಿತ್ತು ಅಂತ ಶುರು ಮಾಡುತ್ತಾರೆ. ಬಹಳ ಸಲ ಅಲ್ಲಿ ಊರೂ ಇರಲಿಲ್ಲ, ಮನೆಯೂ ಇರಲಿಲ್ಲ. ಇದ್ದದ್ದು ಗೊಬ್ಬರ!

ಇಂಗ್ಲೆಂಡಿನ ಹೊಲಗಳಲ್ಲಿ 12, 13ನೇ ಶತಮಾನದ ಚೂರುಗಳು ಸಿಗುವುದು ಹೆಚ್ಚಾಗಿ ಹೀಗೆ. ಒಡೆದ ಮಡಕೆ ತಿಪ್ಪೆಗೆ ಬಿತ್ತು, ಸಗಣಿ ಬೂದಿ ಕಸದ ಜೊತೆ ಗಾಡಿ ಹತ್ತಿ ಹೊಲ ಸೇರಿತು, ಉಳಿದದ್ದೆಲ್ಲ ಕೊಳೆತು ಮಣ್ಣಾಯಿತು, ಇದೊಂದು ಮಾತ್ರ ನೂರಾರು ವರ್ಷ ನೇಗಿಲಿಗೆ ಸಿಕ್ಕಿ ಸಿಕ್ಕಿ ಉಗುರಿನಷ್ಟಾಗಿ ಉಳಿಯಿತು. ಅಲ್ಲೊಂದು ಇಲ್ಲೊಂದು, ಅಂಚು ಸವೆದ ಚೂರು ಅಂದ್ರೆ ಗೊಬ್ಬರದ್ದೇ ಅಂದುಕೊಳ್ಳಿ. ಒಂದೇ ಕಡೆ ರಾಶಿಯಾಗಿ, ಚೂಪು ಅಂಚಿನ ದೊಡ್ಡ ಚೂರುಗಳು ಸಿಕ್ಕರೆ ಆಗ ಮನೆಯ ಮಾತೆತ್ತಬಹುದು.

ಚೂರಿನ ಒಡೆದ ಬದಿ ನೋಡಿ. ಎರಡೂ ಕಡೆ ಕೆಂಪು, ನಡುವೆ ಬೂದು ಪಟ್ಟಿ ಇದ್ದರೆ, ಸುಡುವಾಗ ಒಳಗಿನ ಮಣ್ಣಿಗೆ ಸಾಕಷ್ಟು ಗಾಳಿ ತಾಗಿಲ್ಲ ಅಂತ. ಸಣ್ಣ ಸಣ್ಣ ತೂತುಗಳಿದ್ದರೆ ಜೇಡಿಮಣ್ಣಿಗೆ ಚಿಪ್ಪಿನ ಪುಡಿ ಬೆರೆಸಿದ್ದಿರಬಹುದು, ಹುಳಿ ಮಣ್ಣಿನಲ್ಲಿ ಚಿಪ್ಪು ಕರಗಿ ಗುಳಿ ಉಳಿದಿದೆ. ಹೂಜಿಯ ದಪ್ಪ ಹಿಡಿಕೆಗೆ ಕಡ್ಡಿಯಿಂದ ಚುಚ್ಚಿದ ಗುರುತೂ ಸಿಗುತ್ತದೆ. ಒಳಗಿನ ತೇವ ಹೊರಗೆ ಹೋಗಲಿ, ಸುಡುವಾಗ ಬಿರಿಯದಿರಲಿ ಅಂತ ಕುಂಬಾರ ಹಾಗೆ ಮಾಡುತ್ತಿದ್ದ. ಸೀಸದ ಮೆರುಗಿಗೆ ತಾಮ್ರ ಸೇರಿಸಿದ್ದರೆ ಹಸಿರು.

ನನಗೆ ಸಿಟ್ಟು ಬರುವುದು ಇಲ್ಲೇ. ಈ ಹಸಿರು ಚೂರನ್ನಷ್ಟೇ ಜೇಬಿಗೆ ಹಾಕಿಕೊಂಡು ಬೂದು ಬಣ್ಣದ್ದನ್ನು ಸುಮ್ನೆ ಬಿಟ್ಟುಬರುತ್ತಾರೆ. ಲೆಕ್ಕಕ್ಕೆ ಬರುವುದು ಆ ಸಾದಾ ಚೂರುಗಳೇ ಅಲ್ವಾ? ಪುರಾತತ್ವಜ್ಞೆ ಕರೆನ್ಜಾ ಲೂಯಿಸ್ ಪೂರ್ವ ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದೊಂದು ಮೀಟರಿನ ಗುಂಡಿ ತೋಡಿಸಿ ಇಂಥವನ್ನೇ ಎಣಿಸಿದರು. 1348-49ರ ಪ್ಲೇಗಿನ ನಂತರದ ಕಾಲಕ್ಕೆ ಬಂದರೆ ಮಡಕೆ ಬಳಕೆ ಸುಮಾರು ಶೇ. 45ರಷ್ಟು ಕುಸಿದಿದ್ದು ಕಂಡಿತು. ಅಂದದ ಚೂರು ಮಾತ್ರ ಆರಿಸಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಹೊಲದ ಯಜಮಾನರನ್ನು ಕೇಳಿಯೇ ಇಳಿಯಿರಿ. ಉತ್ತು ಒಂದೆರಡು ಮಳೆ ಬಿದ್ದ ಮೇಲೆ ಚೂರುಗಳು ತೊಳೆದಿಟ್ಟಂತೆ ಕಾಣುತ್ತವೆ. ಸಿಕ್ಕ ಜಾಗವನ್ನು ಅಲ್ಲೇ ಚೀಲದ ಮೇಲೆ ಬರೆಯಿರಿ, ಮನೆಗೆ ಹೋದಮೇಲೆ ನೆನಪಿರಲ್ಲ. ಹೊರಗೆ ಮಸಿ ಹಿಡಿದಿದ್ದರೆ ತಿಕ್ಕಬೇಡಿ, ಅದು ಒಲೆಯದ್ದಿರಬಹುದು. ಇಂಗ್ಲೆಂಡ್, ವೇಲ್ಸ್‌ನಲ್ಲಾದರೆ ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸಿಕೊಳ್ಳುವ, 1997ರಲ್ಲಿ ಶುರುವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಇದೆ, ಅವರಿಗೆ ತೋರಿಸಿ, ಸಾದಾ ಚೂರುಗಳನ್ನೂ ಸೇರಿಸಿ.